ಎಡೆದೊರೆಯ ಮೀನೂ ಎಣಿಸುವ ಯಂತ್ರವೂ

ಕೃಷ್ಣೆಗೂ ತುಂಗಭದ್ರೆಗೂ ನಡುವಣ ನಮ್ಮ ರಾಯಚೂರು ಸೀಮೆಗೆ ಎಡೆದೊರೆ ನಾಡೆಂಬ ಹಳೆಯ ಹೆಸರುಂಟು. ಎಡೆ, ತೊರೆ ಎಂಬೆರಡು ಪದಗಳು ಕೂಡಿ ತಕಾರಕ್ಕೆ ದಕಾರ ಬಂದಿದೆ. ಈ ದೊರೆ ಅರಸನಲ್ಲ, ಹೊಳೆ. ದೇವದುರ್ಗದವರಿಗೆ ಕೃಷ್ಣೆಯ ಮೀನು, ಮಾನವಿಯವರಿಗೆ ತುಂಗಭದ್ರೆಯ ಮೀನು. ಮುಂಗಾರಿನ ಹೊಸನೀರು ಬಂದಾಗ ಮೊಟ್ಟೆ ತುಂಬಿದ ಮೀನು ಪ್ರವಾಹಕ್ಕೆ ಎದುರಾಗಿ ಏರುತ್ತದೆ. ಬಲೆ ಸುಲಭವಾಗಿ ತುಂಬುವುದೂ ಆಗಲೇ. ಆಗ ಎಷ್ಟು ಹಿಡಿಯಬಹುದು, ಎಂದು ಕೈ ತಡೆಯಬೇಕು? ವಾಚಕರೇ, ಈ ಪ್ರಶ್ನೆ ಬಹು ಪುರಾತನವಾದುದು.

ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಬಂಡೆಗಲ್ಲಿನ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಅದರಲ್ಲಿ ಮೀನಿನ ಮಾತಿಲ್ಲ. ಆದರೆ ಅದೇ ಅರಸನು ಪಟ್ಟಕ್ಕೆ ಬಂದು 26 ವರ್ಷಗಳಾದ ಮೇಲೆ ಉತ್ತರದ ಸ್ತಂಭಗಳಲ್ಲಿ ಕೆತ್ತಿಸಿದ ಐದನೆಯ ಶಾಸನವು ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲೂ ಉಪವಸಥದ ದಿನಗಳಲ್ಲೂ ಮೀನು ಕೊಲ್ಲಬಾರದು, ಮಾರಲೂ ಬಾರದು ಎನ್ನುತ್ತದೆ. ಅಶೋಕನ ಉದ್ದೇಶ ಧರ್ಮ. ಮೀನಿನ ಸಂತತಿಯ ಲೆಕ್ಕವನ್ನು ಅವನು ಹಾಕಿದನೆಂದು ನಾನು ಹೇಳಲಾರೆ. ಆದರೂ ಆಷಾಢದ ಹುಣ್ಣಿಮೆ ಬರುವುದು ಹೊಸನೀರಿನ ಹೊತ್ತಿಗೇ ಅಲ್ಲವೆ?

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ದಾರಿ ಬೇರೆ. 12ನೆಯ ಶತಮಾನದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದದಲ್ಲಿ ಸುಮಾರು 35 ಬಗೆಯ ಮೀನುಗಳ ಹೆಸರುಗಳಿವೆ. ಯಾವುದು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಯಾವ ಆಹಾರವಿಟ್ಟು ಗಾಳ ಹಾಕಬೇಕು ಎಂಬ ವಿವರಗಳಿವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1950ರ ಸುಮಾರಿಗೆ ಅಶೋಕನ ಶಾಸನವನ್ನೂ ಈ ಅಧ್ಯಾಯವನ್ನೂ ಪರಿಶೀಲಿಸಿ ಲೇಖನಗಳನ್ನು ಪ್ರಕಟಿಸಿದರು. ಅರಸನಿಗೆ ಇಷ್ಟನ್ನು ಕಲಿಸಿದವರು ಯಾರು? ಹೊಳೆಯ ದಡದ ಅಂಬಿಗರೇ ಇರಬೇಕು.

ಈಗ ಉತ್ತರ ಧ್ರುವದ ಕಡೆಯ ಅಲಾಸ್ಕಕ್ಕೆ ಬನ್ನಿ. ಅಲ್ಲಿನ ಕೀನಾಯ್ ನದಿಯಲ್ಲಿ ಮೊಟ್ಟೆಯಿಡಲು ಏರುವ ಸಾಲ್ಮನ್ ಮೀನುಗಳನ್ನು ನೀರೊಳಗಿನ ಶಬ್ದತರಂಗಗಳಿಂದ ಎಣಿಸುತ್ತಾರೆ. ಸಾಕಷ್ಟು ಮೀನು ಏರದಿದ್ದರೆ ಹಿಡಿಯುವುದನ್ನು ನಿಲ್ಲಿಸುತ್ತಾರೆ. ಮನುಷ್ಯರು ಗಂಟೆಗಟ್ಟಲೆ ಕುಳಿತು ನೋಡುತ್ತಿದ್ದ ಆ ನೆರಳುಚಿತ್ರಗಳಲ್ಲಿ ಮೀನನ್ನು ಗುರುತಿಸಲು ಗಣಕಯಂತ್ರಕ್ಕೆ ಈಚೆಗೆ ಕಲಿಸಿದ್ದಾರೆ. ಇಂತಹ ಚಿತ್ರಗಳ ದೊಡ್ಡ ಸಂಗ್ರಹವೊಂದು 2022ರಲ್ಲಿ ಪ್ರಕಟವಾಯಿತು. ಈ ವಿದ್ಯೆಗೆ ಕೃತಕ ಬುದ್ಧಿಮತ್ತೆ ಎಂದು ಹೆಸರು. ಹೆಸರು ದೊಡ್ಡದು, ಮೊದಲು ಮನುಷ್ಯನು ಒಂದೊಂದನ್ನೂ ತೋರಿಸಿಕೊಡದೆ ಅದು ಕಲಿಯಲಿಲ್ಲ.

ನಮ್ಮ ಹೊಳೆಗಳಲ್ಲಿ ತೊಡಕು ಹೆಚ್ಚು. ಇಲ್ಲಿ ಹಲವು ಜಾತಿಯ ಮೀನುಗಳು ಬೆರೆತು ಈಜುತ್ತವೆ. ನೆರಳನ್ನು ಮಾತ್ರ ನೋಡಿ ಬಾಳೆಮೀನನ್ನು ಬೇರೆ ಮಾಡುವುದು ಸುಲಭವಲ್ಲ. ಮೇಲಾಗಿ ಏರುವ ಮೀನಿಗೆ ಅಣೆಕಟ್ಟುಗಳು ಅಡ್ಡ ನಿಂತಿವೆ. ಅಲಾಸ್ಕದ ಯಂತ್ರವನ್ನು ತಂದು ಇಲ್ಲಿ ಇಳಿಸಿದರೆ ಅದು ಮತ್ತೆ ಒಂದನೆಯ ತರಗತಿಯಿಂದಲೇ ಓದಬೇಕಾಗುತ್ತದೆ. ಅದಕ್ಕೆ ಪಾಠ ಹೇಳಬಲ್ಲವರು ದೇವದುರ್ಗ, ಮಾನವಿಗಳ ದಡದಲ್ಲಿ ಬಲೆ ಬೀಸುವ ಹಿರಿಯರು. ಅವರ ಬಾಯಲ್ಲಿರುವ ಮೀನಿನ ಹೆಸರುಗಳನ್ನು ಮೊದಲು ಬರೆದುಕೊಳ್ಳಬೇಕಾಗಿದೆ.