ಹರದಾರಿಯಿಂದ ಹಾರಾಟದ ಗಂಟೆಯವರೆಗೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂತಹ ಬಯಲುಸೀಮೆಯ ಊರುಗಳಲ್ಲಿ ದೂರವೆಂಬುದು ಬಹುಕಾಲ ನಡೆಯುವವನ ದಣಿವಿಗೆ ಹೊಂದಿಕೊಂಡಿದ್ದ ಲೆಕ್ಕವಾಗಿತ್ತು. ಸುಮಾರು ಮೂರು ಮೈಲಿಯ ಹರದಾರಿ, ಅದರ ನಾಲ್ಕರಷ್ಟಾದ ಗಾವುದ, ತಂಗುವ ಜಾಗಕ್ಕೂ ಅಲ್ಲಿಯವರೆಗಿನ ಪಯಣಕ್ಕೂ ಒಂದೇ ಹೆಸರಾಗಿದ್ದ ಮಜಲು, ಇವೆಲ್ಲವೂ ನೆಲವನ್ನು ಅಳೆಯುವಾಗಲೇ ಕಾಲವನ್ನೂ ಅಳೆಯುತ್ತಿದ್ದವು.

ಈ ಎರಡು ಅಳತೆಗಳು ಬೇರೆಬೇರೆಯಾದ ಕತೆಯಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. 1800ರಲ್ಲಿ ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಸಮೀಪದಲ್ಲಿ ಸರಪಳಿಯಿಂದ ಆಧಾರರೇಖೆಯೊಂದನ್ನು ಅಳೆಸಿದನು. ಆಧಾರರೇಖೆಯೆಂದರೆ ನೆಲದ ಮೇಲೆ ಅತ್ಯಂತ ನಿಖರವಾಗಿ ಅಳೆದ ಒಂದು ನೇರ ಗೆರೆ. ಅದರ ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಯತ್ತ ಕೋನಗಳನ್ನು ನೋಡಿ, ತ್ರಿಭುಜದ ಮೇಲೆ ತ್ರಿಭುಜವನ್ನು ಕಟ್ಟುತ್ತ ಹೋದರೆ, ಕಾಲಿಡದ ನೆಲದ ದೂರವೂ ಲೆಕ್ಕಕ್ಕೆ ಸಿಗುತ್ತದೆ. ಈ ಕ್ರಮದಿಂದ ಮದ್ರಾಸಿನಿಂದ ಮಂಗಳೂರಿನವರೆಗೆ ಅಳೆದಾಗ, ಹಳೆಯ ನಕಾಶೆಗಳು ಸುಮಾರು 400 ಮೈಲಿಯೆಂದು ತೋರಿಸುತ್ತಿದ್ದ ಪರ್ಯಾಯದ್ವೀಪದ ಅಗಲ ಕೇವಲ 360 ಮೈಲಿಯೆಂದು ತಿಳಿಯಿತು. ವಿಮಾನಗಳೇ ಇಲ್ಲದ ದಿನಗಳಲ್ಲಿಯೇ ವಿಮಾನಕ್ಕೆ ಬೇಕಾದ ದೂರ, ಅಂದರೆ ಹಳ್ಳ ಘಟ್ಟಗಳನ್ನು ಲೆಕ್ಕಿಸದ ನೇರ ದೂರ, ಇಲ್ಲಿ ಸಿದ್ಧವಾಗಿತ್ತೆಂಬುದು ನಾಡಿನ ಚರಿತ್ರೆಯಲ್ಲಿ ಇನ್ನೂ ಹೆಚ್ಚು ಎತ್ತಿ ಹೇಳಬೇಕಾದ ಸಂಗತಿ.

ಆ ನೇರ ದೂರವನ್ನು ಹಾರಿ ದಾಟುವ ಕಾಲ ಬಹಳ ತಡವಾಗಿ ಬಂತು. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಮಂಗಳೂರಿನ ಬಜ್ಪೆಗೆ ಬಂದಿಳಿದಾಗ ಕರಾವಳಿಗೆ ವಿಮಾನ ನಿಲ್ದಾಣ ದೊರೆಯಿತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದಾಗ ಸಾಸಲಿನವರಿಗೆ ವಿಮಾನವು ನೆರೆಯ ತಾಲ್ಲೂಕಿನದಾಯಿತು. 2017ರಲ್ಲಿ ಹಾರಾಟ ಆರಂಭಿಸಿದ ‘ಉಡಾನ್’ ಯೋಜನೆಯು, ಸಣ್ಣ ಊರುಗಳ ನಿಲ್ದಾಣಗಳನ್ನು ಜೋಡಿಸಲೆಂದು, ಒಂದು ಗಂಟೆಯ ಅಥವಾ ಸುಮಾರು 500 ಕಿ.ಮೀ. ಹಾರಾಟಕ್ಕೆ ನಿಗದಿತ ಆಸನಗಳ ದರವನ್ನು 2,500 ರೂಪಾಯಿಗೆ ಮಿತಿಗೊಳಿಸಿತು. ಹೀಗೆ ಗಂಟೆಯೇ ಹೊಸ ಮಜಲಾಯಿತು.

ಆದರೆ ಈ ಗಂಟೆ ಹರದಾರಿಯಷ್ಟು ಸರಳವಲ್ಲ. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಇಳಿದ ಶಿವಮೊಗ್ಗ ನಿಲ್ದಾಣವು ನೇರ ಗೆರೆಯಲ್ಲಿ ಸುಮಾರು 240 ಕಿ.ಮೀ. ದೂರದಲ್ಲಿದೆ, ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎಟಿಆರ್ ವಿಮಾನಕ್ಕೆ ಅದು ಅರ್ಧ ಗಂಟೆಯ ದಾರಿಯೆನಿಸಿದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಆಸುಪಾಸಿನ ಅವಧಿಯನ್ನು ಬರೆಯುತ್ತಾರೆ. ಕಾರಣ, ವೇಳಾಪಟ್ಟಿ ಲೆಕ್ಕಕ್ಕೆ ಹಿಡಿಯುವುದು ಬ್ಲಾಕ್ ಸಮಯವನ್ನು, ಅಂದರೆ ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ಮತ್ತೆ ನಿಲ್ಲುವವರೆಗಿನ ಅವಧಿಯನ್ನು. ರನ್‌ವೇಯವರೆಗಿನ ಓಟ, ಸರದಿಯ ಕಾಯುವಿಕೆ, ಏರಿಕೆ, ಇಳಿಕೆ ಎಲ್ಲವೂ ಅದರೊಳಗೆ ಸೇರುತ್ತವೆ, ಮತ್ತು ಇವು ದಾರಿ ಕಿರಿದಾದಷ್ಟೂ ಕುಗ್ಗುವುದಿಲ್ಲ. ಸುಮಾರು 520 ಕಿ.ಮೀ. ದೂರದ ಬೀದರಿಗೆ ಶಿವಮೊಗ್ಗದ ಎರಡರಷ್ಟು ಸಮಯ ಹಿಡಿಯದಿರುವುದೂ ಇದರಿಂದಲೇ.

ಸಾಸಲಿನಿಂದ ಹೊರಟವರ ಲೆಕ್ಕ ಇನ್ನೂ ಬೇರೆ. ಅವರು ಶಿವಮೊಗ್ಗಕ್ಕೆ ಹಾರಬೇಕಾದರೆ ದೊಡ್ಡಬಳ್ಳಾಪುರವನ್ನು ಹಾದು ಮೊದಲು ಮೂಡಣಕ್ಕೆ, ದೇವನಹಳ್ಳಿಯ ಕಡೆಗೆ, ಸಾಗಬೇಕು. ತಪಾಸಣೆಗೆಂದು ಮುಂಚಿತವಾಗಿ ತಲುಪಿ ಕಾದು, ಆಮೇಲೆ ಪಡುವಣಕ್ಕೆ ತಿರುಗಿ, ರಸ್ತೆಯಲ್ಲಿ ಮೂಡಣಕ್ಕೆ ಸರಿದಷ್ಟನ್ನೂ ಆಕಾಶದಲ್ಲಿ ಹಿಂದಕ್ಕೆ ದಾಟಬೇಕು.