ಮಿನೆಸೋಟಾದ ಲುಥೆರನ್ ಸಭೆಗಳು: ಹೊಸತಕ್ಕೆ ಬುನಾದಿ, ಹಳತಕ್ಕೆ ಆಸರೆ

ಅಮೆರಿಕದ ಉತ್ತರ ಅಂಚಿನಲ್ಲಿರುವ ಮಿನೆಸೋಟಾ ರಾಜ್ಯದ ಹಳ್ಳಿಗಾಡಿನಲ್ಲಿ ಮೆಕ್ಕೆಜೋಳದ ಹೊಲಗಳ ನಡುವೆ ಬಿಳಿ ಬಣ್ಣದ ಮರದ ಚರ್ಚುಗಳು ಕಾಣಸಿಗುವುದು ಸಾಮಾನ್ಯ. ನಾರ್ವೆ, ಸ್ವೀಡನ್, ಜರ್ಮನಿಗಳಿಂದ ವಲಸೆ ಬಂದ ರೈತರು ಕಟ್ಟಿಕೊಂಡ ಲುಥೆರನ್ ಸಭೆಗಳಿವು. ಇವುಗಳಲ್ಲಿ ಅನೇಕ ಸಭೆಗಳಿಗೆ ಇಂದು ಪೂರ್ಣಾವಧಿ ಪಾಸ್ಟರ್‌ಗೆ ವೇತನ ಕೊಡುವ ಶಕ್ತಿಯಿಲ್ಲ. ಹಳೆಯ ಸಭೆಗಳನ್ನು ಉಳಿಸಬೇಕೆ, ಅಥವಾ ಆ ಹಣದಲ್ಲಿ ಹೊಸ ಜನರ ನಡುವೆ ಹೊಸ ಸಭೆಗಳನ್ನು ಆರಂಭಿಸಬೇಕೆ ಎಂಬುದು ಅಲ್ಲಿನ ಚರ್ಚ್ ಆಡಳಿತದ ಮುಂದಿರುವ ಕಠಿಣ ಪ್ರಶ್ನೆಯಾಗಿದೆ.

ಅಮೆರಿಕದ ಲುಥೆರನ್ ಪಂಗಡಗಳಲ್ಲಿ ಅತಿ ದೊಡ್ಡದಾದ ಇವ್ಯಾಂಜೆಲಿಕಲ್ ಲುಥೆರನ್ ಚರ್ಚ್ ಇನ್ ಅಮೆರಿಕ (ಇಎಲ್‌ಸಿಎ) ಮೂರು ಸಂಸ್ಥೆಗಳ ವಿಲೀನದಿಂದ 1988ರಲ್ಲಿ ಕಾರ್ಯಾರಂಭ ಮಾಡಿತು. ಆಗ ಅದರ ಸದಸ್ಯರ ಸಂಖ್ಯೆ 52 ಲಕ್ಷ ಮೀರಿತ್ತು. ಸಭೆಗಳು 11 ಸಾವಿರಕ್ಕೂ ಹೆಚ್ಚಿದ್ದವು. 2023ರ ವೇಳೆಗೆ ಸದಸ್ಯರು ಸುಮಾರು 27 ಲಕ್ಷಕ್ಕೆ ಇಳಿದರು. ಸಭೆಗಳ ಸಂಖ್ಯೆಯೂ ಎಂಟೂವರೆ ಸಾವಿರದ ಆಸುಪಾಸಿಗೆ ಕುಸಿಯಿತು. ಕುಟುಂಬಗಳು ಚಿಕ್ಕದಾದದ್ದು, ಯಂತ್ರಗಳು ಬಂದು ಹೊಲಗಳು ಕೆಲವೇ ರೈತರ ಕೈಸೇರಿದ್ದು, ಯುವಜನರು ನಗರಗಳಿಗೆ ತೆರಳಿದ್ದು, ಧರ್ಮದತ್ತ ಒಲವೇ ಕ್ಷೀಣಿಸಿದ್ದು ಇದಕ್ಕೆ ಮುಖ್ಯ ಕಾರಣಗಳು.

ಗುಂಟೂರಿನಿಂದ ಸೇಂಟ್ ಪಾಲ್‌ಗೆ

ಮಿನೆಸೋಟಾದಲ್ಲಿ ಸಭೆಗಳನ್ನು ಕಟ್ಟಿದ ಮೊದಲಿಗರಲ್ಲಿ ಒಬ್ಬರಿಗೆ ನಮ್ಮ ನೆರೆಯ ಆಂಧ್ರದ ನಂಟಿದೆ. ಜರ್ಮನಿಯಲ್ಲಿ 1793ರಲ್ಲಿ ಜನಿಸಿದ ಜಾನ್ ಕ್ರಿಶ್ಚಿಯನ್ ಫ್ರೆಡರಿಕ್ ಹೇಯರ್ ಅಮೆರಿಕದ ಲುಥೆರನ್ನರು ಹೊರದೇಶಕ್ಕೆ ಕಳುಹಿಸಿದ ಮೊದಲ ಮಿಷನರಿ. ಪೆನ್ಸಿಲ್ವೇನಿಯಾದಲ್ಲಿ ಕುದುರೆಯ ಮೇಲೆ ಊರೂರು ಸುತ್ತಿ ಸಭೆಗಳನ್ನು ಸ್ಥಾಪಿಸಿದ್ದ ಅವರು 1842ರ ಜುಲೈ 31ರಂದು ಗುಂಟೂರು ತಲುಪಿದರು. ಭಾರತದಿಂದ ಮರಳಿದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಮಿನೆಸೋಟಾಕ್ಕೆ ತೆರಳಿ 1860ರಲ್ಲಿ ಅಲ್ಲಿನ ಸಿನಡ್‌ನ ಮೊದಲ ಅಧ್ಯಕ್ಷರಾದರು. ಆ ಸಿನಡ್ ಮುಂದೆ ಇಎಲ್‌ಸಿಎಯ ಧಾರೆಗೆ ಸೇರದೆ ವಿಸ್ಕಾನ್ಸಿನ್ ಸಿನಡ್‌ನೊಂದಿಗೆ ಒಂದಾಯಿತು ಎಂಬುದು ಬೇರೆ ಮಾತು.

ಹೇಯರ್ ಅವರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೆಲಸಗಾರರಿಲ್ಲದೆ ಸೊರಗಿದ್ದ ರಾಜಮಂಡ್ರಿಯ ಲುಥೆರನ್ ಮಿಷನ್ ಅನ್ನು ಆಂಗ್ಲಿಕನ್ನರಿಗೆ ಬಿಟ್ಟುಕೊಡುವ ನಿರ್ಧಾರ 1869ರಲ್ಲಿ ಅಂತಿಮ ಹಂತ ತಲುಪಿತ್ತು. ಆಗ 76 ವರ್ಷ ವಯಸ್ಸಿನ ಅವರು ತಾವೇ ಹೋಗುವುದಾಗಿ ಮುಂದೆ ಬಂದು ಹಸ್ತಾಂತರವನ್ನು ತಡೆದರು. ಹೊಸತನ್ನು ಆರಂಭಿಸುವವರು ಬೇರೆ, ಹಳತನ್ನು ಎತ್ತಿ ನಿಲ್ಲಿಸುವವರು ಬೇರೆ ಎಂಬ ಮಾತು ಚರ್ಚ್ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಹೇಯರ್ ಎರಡನ್ನೂ ಮಾಡಿದ್ದರು.

ಒಂದೇ ಊರಿನಲ್ಲಿ ಎರಡು ಚರ್ಚು

ಮಿನೆಸೋಟಾದಲ್ಲಿ ಅಗತ್ಯಕ್ಕಿಂತ ಹೆಚ್ಚು ಚರ್ಚುಗಳಿರುವುದಕ್ಕೆ ವಲಸಿಗರ ಜಗಳಗಳೂ ಒಂದು ಕಾರಣ. ಜರ್ಮನ್ನರಿಗೊಂದು, ಸ್ವೀಡಿಷರಿಗೊಂದು ಸಭೆ ಎಂಬುದು ಭಾಷೆಯ ಕಾರಣಕ್ಕೆ ಸಹಜವಾಗಿತ್ತು. ಆದರೆ ನಾರ್ವೆಯವರು ತಮ್ಮೊಳಗೇ ದೈವಶಾಸ್ತ್ರದ ವಿಚಾರವಾಗಿ ಕಾದಾಡಿ ಬೇರೆ ಬೇರೆ ಸಿನಡ್‌ಗಳಾಗಿ ಒಡೆದಿದ್ದರು. 1917ರಲ್ಲಿ ಮೂರು ಪ್ರಮುಖ ನಾರ್ವೇಜಿಯನ್ ಸಿನಡ್‌ಗಳು ವಿಲೀನಗೊಂಡವಾದರೂ ಕಟ್ಟಡಗಳು ವಿಲೀನವಾಗಲಿಲ್ಲ. ಇಂದು ಎರಡು ಮೂರು ಸಭೆಗಳು ಒಬ್ಬರೇ ಪಾಸ್ಟರ್ ಅನ್ನು ಹಂಚಿಕೊಳ್ಳುತ್ತಿರುವ ಪ್ರದೇಶಗಳಲ್ಲೂ ಕಟ್ಟಡ ಬಿಟ್ಟುಕೊಡುವ ಮಾತು ಬಂದರೆ ಸಭಿಕರು ಸುಲಭವಾಗಿ ಒಪ್ಪುವುದಿಲ್ಲ. ಚರ್ಚಿನ ಪಕ್ಕದಲ್ಲೇ ಅವರ ಅಜ್ಜ ಅಜ್ಜಿಯರ ಸಮಾಧಿಗಳಿವೆ.

ಹೊಸ ಸಭೆ ಹುಟ್ಟುವ ಬಗೆ

ಮಿನೆಸೋಟಾದಲ್ಲಿ ಇಎಲ್‌ಸಿಎಯ ಆರು ಸಿನಡ್‌ಗಳಿವೆ. ಪ್ರತಿ ಸಿನಡ್‌ಗೆ ಒಬ್ಬ ಬಿಷಪ್ ಇದ್ದು, ಹೊಸ ಸಭೆಗಳ ಹಾಗೂ ಪುನಶ್ಚೇತನದ ಹೊಣೆಯನ್ನು ಮಿಷನ್ ನಿರ್ದೇಶಕರು ಹೊರುತ್ತಾರೆ. ಸೂಕ್ತ ಸ್ಥಳವನ್ನು ಗುರುತಿಸಿದ ಬಳಿಕ ‘ಮಿಷನ್ ಡೆವಲಪರ್’ ಎಂಬ ಹೆಸರಿನಲ್ಲಿ ಒಬ್ಬರನ್ನು ನೇಮಿಸಲಾಗುತ್ತದೆ. ಇವರಿಗೆ ಕಟ್ಟಡವಿರುವುದಿಲ್ಲ, ಸದಸ್ಯರೂ ಇರುವುದಿಲ್ಲ. ಶಾಲೆಯ ಸಭಾಂಗಣ, ಕಾಫಿ ಅಂಗಡಿ, ಇನ್ನೊಂದು ಚರ್ಚಿನ ನೆಲಮಾಳಿಗೆ ಎಲ್ಲಿ ಜಾಗ ಸಿಕ್ಕಿದರೂ ಆರಾಧನೆ ಆರಂಭವಾಗುತ್ತದೆ.

ಇಂಥ ಗುಂಪಿಗೆ ಮೊದಲು ಸಿನಡ್ ಮಾನ್ಯತೆಯ ಆರಾಧನಾ ಸಮುದಾಯ ಎಂಬ ಸ್ಥಾನ ದೊರೆಯಬಹುದು. ತನ್ನ ಕಾಲ ಮೇಲೆ ನಿಲ್ಲುವ ಶಕ್ತಿ ಬಂದಾಗ ಸ್ವಂತ ಸಂವಿಧಾನ ಅಂಗೀಕರಿಸಿ ವಿಧ್ಯುಕ್ತವಾಗಿ ಸಭೆಯಾಗುತ್ತದೆ. ಕೇಂದ್ರ ಕಚೇರಿ, ಸಿನಡ್, ನೆರೆಯ ಸಭೆಗಳು ಸೇರಿ ಅನುದಾನ ಒದಗಿಸುತ್ತವೆ. ವರ್ಷ ಕಳೆದಂತೆ ಈ ನೆರವು ಕಡಿಮೆಯಾಗುತ್ತಾ ಹೋಗುತ್ತದೆ. ಎಡವಟ್ಟಾಗುವುದು ಇಲ್ಲಿಯೇ. ಬಡವರು, ಹೊಸ ವಲಸಿಗರು ಇರುವ ಸಭೆಗೆ ಅಷ್ಟು ಅವಧಿಯಲ್ಲಿ ಸ್ವಾವಲಂಬನೆ ಸಾಧಿಸುವುದು ಕಷ್ಟ. ಎರಡನೇ ಮಹಾಯುದ್ಧದ ನಂತರ ಮಧ್ಯಮ ವರ್ಗದ ಉಪನಗರಗಳು ಬೆಳೆದಾಗ ಪಾಸ್ಟರ್ ಮನೆಮನೆಯ ಬಾಗಿಲು ತಟ್ಟಿದರೆ ಸಭೆಯೊಂದು ತುಂಬುತ್ತಿತ್ತು. ಆ ಕಾಲದ ಲೆಕ್ಕ ಇಂದಿನ ಬಡಾವಣೆಗಳಿಗೆ ಹೊಂದುವುದಿಲ್ಲ.

ಹೊಸ ಸಭೆಗಳ ಜನರೂ ಬದಲಾಗಿದ್ದಾರೆ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳಿಗೆ ಇಥಿಯೋಪಿಯಾದ ಒರೊಮೊ ಜನರು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದ್ದು, ಅವರಲ್ಲಿ ಲುಥೆರನ್ನರೂ ಇದ್ದಾರೆ. ಇಥಿಯೋಪಿಯಾದ ಮೆಕಾನೆ ಯೇಸುಸ್ ಚರ್ಚಿನ ಸದಸ್ಯರ ಸಂಖ್ಯೆ ಈಗ ಒಂದು ಕೋಟಿ ಮೀರಿದೆ. ಒಂದು ಕಾಲದಲ್ಲಿ ಆಫ್ರಿಕಕ್ಕೆ ಮಿಷನರಿಗಳನ್ನು ಕಳುಹಿಸಿದ ನಾಡಿಗೆ ಈಗ ಆಫ್ರಿಕದ ಲುಥೆರನ್ನರೇ ಬಂದು ಸಭೆ ಕಟ್ಟುತ್ತಿದ್ದಾರೆ. ಆದರೂ ಹತ್ತು ವರ್ಷಗಳಲ್ಲಿ ಸದಸ್ಯರ ಪೈಕಿ ಶೇ. 10ರಷ್ಟು ಮಂದಿ ಬಿಳಿಯರಲ್ಲದವರು ಅಥವಾ ಇಂಗ್ಲಿಷೇತರ ಭಾಷಿಕರು ಇರಬೇಕೆಂದು 1988ರಲ್ಲಿ ಇಎಲ್‌ಸಿಎ ಹಾಕಿಕೊಂಡಿದ್ದ ಗುರಿ ಈಡೇರಲಿಲ್ಲ.

ಒಡಕಿನ ಪೆಟ್ಟು

2009ರ ಆಗಸ್ಟ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ನಡೆದ ಮಹಾಸಭೆಯು ಲೈಂಗಿಕತೆ ಕುರಿತ ನಿಲುವು ಪತ್ರವನ್ನು 676-338 ಮತಗಳಿಂದ, ಅಂದರೆ ಬೇಕಿದ್ದ ಮೂರನೇ ಎರಡರಷ್ಟು ಬಹುಮತದಿಂದ ಕರಾರುವಾಕ್ಕಾಗಿ ಅಂಗೀಕರಿಸಿತು. ಸಲಿಂಗ ಸಂಬಂಧದಲ್ಲಿರುವವರಿಗೂ ಪಾಸ್ಟರ್ ಆಗುವ ಅವಕಾಶವನ್ನು ಅದೇ ಸಭೆ ತೆರೆಯಿತು. ಅಂದೇ ನಗರದ ಮೇಲೆ ಸುಂಟರಗಾಳಿ ಬೀಸಿ ಸೆಂಟ್ರಲ್ ಲುಥೆರನ್ ಚರ್ಚಿನ ಗೋಪುರಕ್ಕೆ ಹಾನಿಯಾಯಿತು. ಇದನ್ನು ದೇವರ ಎಚ್ಚರಿಕೆ ಎಂದವರೂ ಇದ್ದರು, ಬರಿಯ ಹವಾಮಾನ ಎಂದವರೂ ಇದ್ದರು. ಮುಂದಿನ ಕೆಲವು ವರ್ಷಗಳಲ್ಲಿ 600ಕ್ಕೂ ಹೆಚ್ಚು ಸಭೆಗಳು ಇಎಲ್‌ಸಿಎ ತೊರೆದವು. 2010ರಲ್ಲಿ ನಾರ್ತ್ ಅಮೆರಿಕನ್ ಲುಥೆರನ್ ಚರ್ಚ್ ಹುಟ್ಟಿಕೊಂಡಿತು. ಸಭೆ ಹೊರನಡೆದಾಗ ಅದಕ್ಕೆ ಒಪ್ಪದೆ ಉಳಿದವರಿಗಾಗಿ ಕೆಲವು ಊರುಗಳಲ್ಲಿ ಹೊಸ ಸಭೆ ಆರಂಭಿಸಬೇಕಾಯಿತು.

ಮುಚ್ಚುವುದೂ ಒಂದು ದಾರಿ

ಸೊರಗಿದ ಸಭೆಯ ಮುಂದೆ ಕೆಲವೇ ಆಯ್ಕೆಗಳಿರುತ್ತವೆ: ಪಕ್ಕದ ಸಭೆಯೊಂದಿಗೆ ವಿಲೀನ, ಪಾಸ್ಟರ್ ಹಂಚಿಕೆ, ಪುನಶ್ಚೇತನಕ್ಕೆಂದೇ ಪಾಸ್ಟರ್ ನೇಮಕ, ಇಲ್ಲವೇ ಮುಚ್ಚುವಿಕೆ. ಸಭೆಯೊಂದು ವಿಸರ್ಜನೆಯಾದರೆ ವಿಲೇವಾರಿಯಾಗದೆ ಉಳಿದ ಆಸ್ತಿ ಸಿನಡ್‌ಗೆ ಸೇರುತ್ತದೆ. ಹೀಗೆ ಬಂದ ಹಣ ಹೊಸ ಸಭೆಗೆ ಬಂಡವಾಳವಾಗುವುದುಂಟು. ಆದರೆ ಬಹುತೇಕ ಸಭೆಗಳು ಈ ನಿರ್ಧಾರವನ್ನು ಮುಂದೂಡುತ್ತಾ, ಉಳಿತಾಯವನ್ನೆಲ್ಲ ಚಾವಣಿ ದುರಸ್ತಿಗೂ ಚಳಿಗಾಲದ ಹೀಟಿಂಗ್ ಬಿಲ್ಲಿಗೂ ಕರಗಿಸಿಬಿಡುತ್ತವೆ.

ಬೇರೊಂದು ಹಾದಿ ಹಿಡಿದದ್ದು ದಕ್ಷಿಣ ಮಿನಿಯಾಪೊಲಿಸ್‌ನ ಕ್ಯಾಲ್ವರಿ ಲುಥೆರನ್ ಸಭೆ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆ ನಡೆದ ಸ್ಥಳಕ್ಕೆ ಸಮೀಪದಲ್ಲೇ ಇರುವ ಈ ಸಭೆ ವರ್ಷಗಳಿಂದ ನೆರೆಹೊರೆಯವರಿಗೆ ಉಚಿತ ಆಹಾರ ಹಂಚುತ್ತಿತ್ತು. ದೊಡ್ಡ ಕಟ್ಟಡದ ಭಾರ ಹೊರಲಾಗದೆ ಅದನ್ನು ವಸತಿ ಸಂಸ್ಥೆಯೊಂದಕ್ಕೆ ಮಾರಿತು. ಅಲ್ಲಿ ಕಡಿಮೆ ಬಾಡಿಗೆಯ ಮನೆಗಳು ತಲೆಯೆತ್ತಿದವು. ಆರಾಧನೆಗೆ ಅದೇ ಆವರಣದಲ್ಲಿ ಒಂದಿಷ್ಟು ಜಾಗವನ್ನು ಸಭೆ ಉಳಿಸಿಕೊಂಡಿತು.

ಕರ್ನಾಟಕದ ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್‌ನಲ್ಲಿ ಲುಥೆರನ್ನರೂ ರಿಫಾರ್ಮ್ಡ್ ಪಂಥದವರೂ ಒಟ್ಟಿಗಿದ್ದರು. ಅದರ ಸಭೆಗಳು ಬಳಿಕ ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಸೇರಿದ್ದರಿಂದ ಲುಥೆರನ್ ಎಂಬ ಹೆಸರು ಮಂಗಳೂರು ಕಡೆ ಅಷ್ಟಾಗಿ ಬಳಕೆಯಲ್ಲಿಲ್ಲ.

ಇಎಲ್‌ಸಿಎಯ ಅಧ್ಯಕ್ಷ ಬಿಷಪ್ ಆಗಿ 2025ರಲ್ಲಿ ಯೆಹಿಯೆಲ್ ಕರ್ರಿ ಆಯ್ಕೆಯಾದರು. ಈ ಹುದ್ದೆಗೇರಿದ ಮೊದಲ ಕಪ್ಪು ವರ್ಣೀಯರಾದ ಅವರು ಸ್ವತಃ ಮಿಷನ್ ಡೆವಲಪರ್ ಆಗಿದ್ದವರು; ಶಿಕಾಗೊ ಸಮೀಪದ ರಿವರ್‌ಡೇಲ್‌ನ ಶೆಕೈನಾ ಚಾಪೆಲ್ ಅನ್ನು ಪೂರ್ಣ ಪ್ರಮಾಣದ ಸಭೆಯಾಗಿ ಬೆಳೆಸಿ, 2019ರಲ್ಲಿ ಶಿಕಾಗೊ ಮಹಾನಗರ ಸಿನಡ್‌ನ ಬಿಷಪ್ ಆದವರು.