ಡಮಾಮಿಯಿಂದ ವಿಧಾನ ಪರಿಷತ್ತಿಗೆ: ಸಿದ್ದಿಗಳ ಸಮಾನತೆಯ ದಾರಿ

ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗನೊಬ್ಬ ಕೆಲಸ ಹುಡುಕಿಕೊಂಡು ದೊಡ್ಡ ಊರಿಗೆ ಹೋದರೆ ಹೆಚ್ಚಾಗಿ ಎದುರಾಗುವ ಮೊದಲ ಪ್ರಶ್ನೆ, ‘ಯಾವ ದೇಶ ನಿಂದು?’ ‘ಹಳಿಯಾಳ’ ಎಂದು ಕನ್ನಡದಲ್ಲೇ ಹೇಳಿದರೂ ಕೇಳಿದವರ ಅನುಮಾನ ಹೋಗುವುದಿಲ್ಲ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ, ಯಲ್ಲಾಪುರದ ಕಾಡಂಚುಗಳಲ್ಲಿ ತಲೆಮಾರುಗಳಿಂದ ಬಾಳಿದವರು ತಾವು ಇಲ್ಲಿಯವರೇ ಎಂದು ಇಂದಿಗೂ ಒಪ್ಪಿಸಬೇಕಾಗಿದೆ. ಹೀಗೆ ಒಪ್ಪಿಸುವ ಮಾತು ಹೇಗೆ ಹುಟ್ಟಿತು, ಯಾವ ಯಾವ ರೂಪ ತಾಳಿತು, ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಕಾಡು ಹೊಕ್ಕವರು

ಆಫ್ರಿಕಾ ಮೂಲದವರು ಕರ್ನಾಟಕಕ್ಕೆ ಬಂದದ್ದು ಒಂದೇ ದಾರಿಯಲ್ಲಲ್ಲ. ಬಿಜಾಪುರದ ಆದಿಲ್ ಶಾಹಿಯಲ್ಲಿ ಇಖ್ಲಾಸ್ ಖಾನ್‌ನಂಥ ಹಬ್ಶಿ ಮುಖಂಡರು ಅಧಿಕಾರದ ತುದಿಗೇರಿದ್ದರು. ಆದರೆ ಉತ್ತರ ಕನ್ನಡದ ಬಹುಪಾಲು ಸಿದ್ದಿಗಳ ಪೂರ್ವಿಕರು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಓಟವೇ ಈ ನೆಲದಲ್ಲಿ ವರ್ಣದ ದಬ್ಬಾಳಿಕೆಗೆ ಸಿಕ್ಕ ಒಂದು ಉತ್ತರ.  ಅವರು ಒಡೆಯನ ಅಂಗಳ ಬಿಟ್ಟು ನಡೆದರು.

ಕಾಡಿನಲ್ಲಿ ಸಿಕ್ಕ ಬಿಡುಗಡೆ ಪೂರ್ತಿಯಾಗಿರಲಿಲ್ಲ. ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯಕ್ಕೆ ಬ್ರಿಟಿಷರ ಅರಣ್ಯ ಕಾನೂನು ಕಡಿವಾಣ ಹಾಕಿತು. ಹೊಟ್ಟೆಪಾಡಿಗಾಗಿ ಸಿದ್ದಿಗಳು ತೋಟ, ಗದ್ದೆಗಳ ಒಡೆಯರ ಮನೆ ಸೇರಿದರು, ಸಾಲ ಜೀತವಾಯಿತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಸಿದ್ದಾಪುರ, ಅಂಕೋಲೆಯ ರೈತರು ಕರ ನಿರಾಕರಿಸಿ ಮನೆಮಾರು ಕಳೆದುಕೊಂಡರು. ಈ ಜಿಲ್ಲೆ ಇಂದಿಗೂ ಹೆಮ್ಮೆಪಡುವ ಆ ಚರಿತ್ರೆಯಲ್ಲಿ ಸಿದ್ದಿಗಳ ಹೆಸರು ಕಾಣುವುದು ಅಪರೂಪ. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗಾಂಧಿಯ ನಾಡನ್ನು ನೋಡಲೆಂದು ಭಾರತಕ್ಕೆ ಬಂದರು. ಅಮೆರಿಕದ ಕಪ್ಪು ಜನರ ಹೋರಾಟವನ್ನು ನಮ್ಮ ಓದುಗರು ಮೆಚ್ಚಿಕೊಂಡ ಆ ಕಾಲದಲ್ಲೂ ನಮ್ಮದೇ ಕಾಡಂಚಿನ ಆಫ್ರಿಕಾ ಮೂಲದವರ ಕಡೆಗೆ ಕಣ್ಣು ಹಾಯಿಸಿದವರು ಕಡಿಮೆ. ಟಿ. ಸಿ. ಪಾಲಾಕ್ಷಪ್ಪ ಅವರು ಸಿದ್ದಿಗಳನ್ನು ಕುರಿತು ಬರೆದ ಇಂಗ್ಲಿಷ್ ಅಧ್ಯಯನ ಪುಸ್ತಕವಾಗಿ ಬಂದದ್ದು 1976ರಲ್ಲಿ. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದೂ ಅದೇ ವರ್ಷ.

ಮೊದಲು ತಮ್ಮವರೊಡನೆ ಮಾತು

ಹೊರಗಿನವರನ್ನು ಒಪ್ಪಿಸುವ ಮೊದಲು ಸಿದ್ದಿಗಳು ತಮ್ಮವರನ್ನೇ ಒಪ್ಪಿಸಬೇಕಿತ್ತು. ಹಳಿಯಾಳ ಕಡೆ ಕ್ರೈಸ್ತರೂ ಮುಸ್ಲಿಮರೂ ಹೆಚ್ಚು, ಯಲ್ಲಾಪುರ ಕಡೆ ಹಿಂದೂಗಳು ಹೆಚ್ಚು. ಒಬ್ಬರ ಮನೆಮಾತು ಕೊಂಕಣಿ, ಇನ್ನೊಬ್ಬರದು ಉರ್ದು, ಮತ್ತೊಬ್ಬರದು ಕನ್ನಡ. ಮದುವೆ, ಮಣ್ಣು, ಹಬ್ಬ ಎಲ್ಲವೂ ಬೇರೆ. ಇವರನ್ನು ಒಂದೆಡೆ ಸೇರಿಸುತ್ತಿದ್ದದ್ದು ಡಮಾಮಿ ಡೋಲಿನ ಕುಣಿತ, ಹಿರಿಯರ ನೆನಪು ಮತ್ತು ಸಿದ್ದಿನಾಸ್ ಎಂಬ ದೈವದ ಪೂಜೆ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೆಂಗಸರು ಹೊಲಿಯುವ ಕೌದಿಯೂ ಮೂರೂ ಧರ್ಮದ ಮನೆಗಳಲ್ಲಿ ಇತ್ತು.

1980ರ ದಶಕದಲ್ಲಿ ಈ ಹಳೆಯ ಬಂಧುತ್ವಕ್ಕೆ ಸಂಘಟನೆಯ ರೂಪ ಬಂತು. ಅಖಿಲ ಕರ್ನಾಟಕ ಸಿದ್ದಿ ಅಭಿವೃದ್ಧಿ ಸಂಘ ಮೂರು ಧರ್ಮದವರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿತು. ‘ನಾವು ಮೊದಲು ಸಿದ್ದಿಗಳು’ ಎಂಬುದು ಇಡೀ ಹೋರಾಟದ ಬುನಾದಿಯ ಮಾತಾಯಿತು. ಚರ್ಚು, ಮಸೀದಿ, ದೇವಸ್ಥಾನಗಳ ನಡುವೆ ಹಂಚಿಹೋದ ಕೆಲವೇ ಸಾವಿರ ಜನ ಬಿಡಿಬಿಡಿಯಾಗಿ ಕೊಟ್ಟ ಅರ್ಜಿಗೆ ಕಚೇರಿಯಲ್ಲಿ ಎಷ್ಟು ಬೆಲೆ ಸಿಗುತ್ತಿತ್ತೆಂದು ಯಾರಾದರೂ ಊಹಿಸಬಹುದು.

ರಂಗದ ಮೇಲೆ

ಅದೇ ದಶಕದಲ್ಲಿ ಇನ್ನೊಂದು ದಾರಿಯೂ ತೆರೆಯಿತು. ಹೆಗ್ಗೋಡಿನ ನೀನಾಸಂ ಬಳಗ ಮಂಚಿಕೇರಿ ಸೀಮೆಯ ಸಿದ್ದಿಗಳನ್ನು ಕೂಡಿಕೊಂಡು ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ರಂಗಕ್ಕೆ ತಂದಿತು. ನಿರ್ದೇಶಕರು ಚಿದಂಬರರಾವ್ ಜಂಬೆ. ನೈಜೀರಿಯಾದ ಚಿನುವಾ ಅಚಿಬೆಯ 1958ರ ಕಾದಂಬರಿ ಅದಕ್ಕೆ ಆಧಾರ. ತಮ್ಮ ಪೂರ್ವಿಕರ ಖಂಡದ ಕಥೆಯನ್ನು ಸಿದ್ದಿಗಳು ಕನ್ನಡದಲ್ಲಿ ಆಡಿ ತೋರಿಸಿದರು. ಒಡೆಯರ ಎದುರು ತಲೆ ತಗ್ಗಿಸಿ ನಿಲ್ಲುವುದನ್ನೇ ಅಭ್ಯಾಸ ಮಾಡಿಕೊಂಡಿದ್ದವರು ದೀಪದ ಬೆಳಕಿನಲ್ಲಿ ಎದೆ ಎತ್ತಿ ನಿಂತು ಮಾತಾಡಿದ್ದು ಸಣ್ಣ ಸಂಗತಿಯಲ್ಲ. ಭಾಷಣ ಮಾಡಲು ಬೇಕಾದ ಧ್ವನಿ, ನಿಲುವು, ಕೇಳುವವರ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಧೈರ್ಯ, ಇವೆಲ್ಲಕ್ಕೂ ರಂಗಭೂಮಿ ಪಾಠಶಾಲೆಯಾಯಿತು. ಗಿರಿಜಾ ಸಿದ್ದಿ, ಗೀತಾ ಸಿದ್ದಿ, ಸಿನಿಮಾದಲ್ಲಿ ಹೆಸರಾದ ಪ್ರಶಾಂತ್ ಸಿದ್ದಿ ಮುಂತಾದ ಕಲಾವಿದರು ಮುಂದೆ ಸಮುದಾಯದ ಧ್ವನಿಯನ್ನು ನಾಡಿನಾದ್ಯಂತ ಕೇಳಿಸಿದರು.

ಪಟ್ಟಿಯೊಳಗೆ ಒಂದು ಹೆಸರು

ಸಂಘಟನೆಯ ದೊಡ್ಡ ಬೇಡಿಕೆ ಪರಿಶಿಷ್ಟ ಪಂಗಡದ ಸ್ಥಾನಮಾನ. ಅವರ ವಾದದಲ್ಲಿ ಬಲವಿತ್ತು. ಗುಜರಾತಿನ ಸೌರಾಷ್ಟ್ರದ ಸಿದ್ದಿಗಳು 1950ರ ದಶಕದಲ್ಲೇ ಪಟ್ಟಿ ಸೇರಿದ್ದರು. ಒಂದೇ ಮೂಲದ, ಒಂದೇ ಬಗೆಯ ಅವಮಾನ ಉಂಡ ಜನ ಕರ್ನಾಟಕದಲ್ಲಿ ಮಾತ್ರ ಏಕೆ ಹೊರಗೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ಮನವಿ, ಸಭೆ, ಮೆರವಣಿಗೆಗಳ ದಾರಿಯಲ್ಲಿ ವರ್ಷಗಟ್ಟಲೆ ನಡೆದರು. 2002ರ ತಿದ್ದುಪಡಿ ಕಾಯ್ದೆಗೆ 2003ರ ಜನವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 50ನೆಯ ಹೆಸರಾಗಿ ‘ಸಿದ್ದಿ’ ಸೇರಿತು, ಉತ್ತರ ಕನ್ನಡ ಜಿಲ್ಲೆಗೆ ಮಾತ್ರ.

ಆ ಒಂದು ಸಾಲು ಎಷ್ಟೋ ಬಾಗಿಲು ತೆರೆಯಿತು. ಶಾಲೆ, ನೌಕರಿಯ ಮೀಸಲಾತಿ ಒಂದು ಕಡೆ. 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇನ್ನೊಂದು ಕಡೆ. ಆ ಕಾಯ್ದೆಯ ಪ್ರಕಾರ, ಅವಮಾನಿಸುವ ಉದ್ದೇಶದಿಂದ ನಾಲ್ಕು ಜನ ನೋಡುವ ಜಾಗದಲ್ಲಿ ಪರಿಶಿಷ್ಟ ಜಾತಿ, ಪಂಗಡದವರನ್ನು ಹೀಯಾಳಿಸುವುದು ಅಪರಾಧ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಈ ಸಾಲಿನ ಬೆಲೆ ಮತ್ತಷ್ಟು ತಿಳಿಯಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿಯಲ್ಲಿದ್ದುದನ್ನು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷಿ ಒದಗಿಸಬೇಕು. ನಿನ್ನೆಯವರೆಗೆ ‘ಅತಿಕ್ರಮಣದಾರ’ ಎನಿಸಿಕೊಂಡವರು ಗ್ರಾಮಸಭೆಯಲ್ಲಿ ಎದ್ದು ನಿಂತು ಪಟ್ಟಾ ಕೇಳುವಂತಾಯಿತು. ಆ ಸಭೆಯಲ್ಲಿ ಅಜ್ಜಿಯೊಬ್ಬಳು ತೋರಿಸುವ ಹಳೆಯ ಹುಣಸೆಮರ, ಸಮಾಧಿ, ಬಾವಿ ಕೂಡ ಸಾಕ್ಷಿಯೇ.

2020ರಲ್ಲಿ ಎರಡು ಬೆಳವಣಿಗೆಗಳಾದವು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳೂ ಪಟ್ಟಿ ಸೇರಿದರು. ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಕರ್ನಾಟಕದ ಶಾಸಕಾಂಗದ ಮೊದಲ ಸಿದ್ದಿ ಸದಸ್ಯರಾದರು. ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದ ಜನರ ಪ್ರತಿನಿಧಿಯ ಮಾತು ಸದನದ ಕಡತದಲ್ಲಿ ದಾಖಲಾಗತೊಡಗಿತು.

ಅಕ್ಕಪಕ್ಕದ ಹೋರಾಟಗಳು

ಸಿದ್ದಿಗಳ ಗೆಲುವು ನೆರೆಯವರಿಗೂ ದಾರಿ ತೋರಿದೆ. ಜೋಯಿಡಾದ ಕುಣಬಿಗಳ ಸ್ಥಿತಿ ನೋಡಿ. ಸಿದ್ದಿಗಳನ್ನು ಪಟ್ಟಿಗೆ ಸೇರಿಸಿದ ಕಾಯ್ದೆಯೇ ಗೋವೆಯ ಕುಣಬಿಗಳನ್ನೂ ಸೇರಿಸಿತು. ಗಡಿಯ ಈಚೆ, ಅದೇ ಕಾಡಿನಲ್ಲಿ ಗಡ್ಡೆಗೆಣಸು ಬೆಳೆದು ಬದುಕುವ ನೆಂಟರು ಹೊರಗುಳಿದರು. ಅವರೂ ಹಳಿಯಾಳ, ಮುಂಡಗೋಡದ ದನಗಾಹಿ ಗೌಳಿಗಳೂ ಅದೇ ಶಾಂತ ದಾರಿಯಲ್ಲಿ ಅದೇ ಬೇಡಿಕೆ ಇಡುತ್ತ ಬಂದಿದ್ದಾರೆ. ಮುಂಡಗೋಡದಲ್ಲೇ 1966ರಲ್ಲಿ ನೆಲೆ ಕಂಡ ಟಿಬೆಟನ್ನರು 1959ರ ಲಾಸಾ ಬಂಡಾಯದ ನೆನಪಿನಲ್ಲಿ ಮಾರ್ಚ್ 10ನ್ನು ಆಚರಿಸುತ್ತಾರೆ. ಗುಲಾಮಗಿರಿಯಿಂದ ಓಡಿಬಂದವರ ಮೊಮ್ಮಕ್ಕಳೂ ದೇಶ ಬಿಟ್ಟು ಬಂದವರ ಮಕ್ಕಳೂ ಒಂದೇ ಸಂತೆಯಲ್ಲಿ ತರಕಾರಿ ಕೊಳ್ಳುವ ತಾಲೂಕು ಇದು.

ಉಳಿದಿರುವ ಕೇಳುಗರು

ಈ ಹಾದಿಯನ್ನು ಒಟ್ಟಾಗಿ ನೋಡಿದರೆ ಸಿದ್ದಿಗಳ ಮಾತಿಗೆ ಮೂವರು ಕೇಳುಗರು. ಮೊದಲನೆಯವರು ತಮ್ಮವರೇ, ಅವರು ಒಪ್ಪಿ ಒಂದಾದರು. ಎರಡನೆಯದು ಸರ್ಕಾರ, ಅದು ತಡವಾಗಿಯಾದರೂ ಕಾನೂನಿನಲ್ಲಿ ಒಪ್ಪಿತು. ಮೂರನೆಯವರು ನಾವು, ನೆರೆಹೊರೆಯವರು. ಮೆರವಣಿಗೆಯಲ್ಲಿ ಡಮಾಮಿ ಕುಣಿತಕ್ಕೆ ಚಪ್ಪಾಳೆ ಹೊಡೆಯುವ ನಾವು, ಅದೇ ಕಲಾವಿದ ಬಾಡಿಗೆ ಮನೆ ಕೇಳಿ ಬಂದಾಗ ಮುಖ ತಿರುಗಿಸಿದರೆ, ಕೂದಲು ಗುಂಗುರೆಂದು ನಮ್ಮ ಮಕ್ಕಳು ಶಾಲೆಯಲ್ಲಿ ನಕ್ಕಾಗ ತಡೆಯದಿದ್ದರೆ, ಅವರ ಮಾತು ನಮ್ಮನ್ನು ಇನ್ನೂ ಮುಟ್ಟಿಲ್ಲವೆಂದೇ ಅರ್ಥ. ಕೈ ಎತ್ತದೆ, ಇಷ್ಟು ತಾಳ್ಮೆಯಿಂದ, ಇಷ್ಟು ಬಗೆಯಲ್ಲಿ ಹೇಳಬೇಕಾದದ್ದನ್ನೆಲ್ಲ ಅವರು ಹೇಳಿದ್ದಾರೆ. ‘ಯಾವ ದೇಶ?’ ಎಂದು ಕೇಳುವ ಬಾಯಿ ನಮ್ಮದು. ಅದನ್ನು ‘ಹಳಿಯಾಳದಲ್ಲಿ ಯಾವ ಊರಪ್ಪಾ?’ ಎಂದು ತಿದ್ದಿಕೊಳ್ಳಬೇಕಾದವರೂ ನಾವೇ.